ಉಚಿತ ವೆಬ್ ಸರ್ವರನ್ನು ನಮ್ಮ ತಂತ್ರಾಂಶದೊಡನೆ ಸೇರಿಸಿ ಮಾರಬಹುದೇ?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಸಂಸ್ಥೆ ನಡೆಸುತ್ತಿದ್ದೇವೆ. ಶಾಲೆಗಳ ಹಾಜರಿ, ಶುಲ್ಕ ಮತ್ತು ಅಂಕಪಟ್ಟಿ ನಿರ್ವಹಿಸುವ ತಂತ್ರಾಂಶವನ್ನು ಅಪಾಚೆ ವೆಬ್ ಸರ್ವರ್ (ಬ್ರೌಸರಿಗೆ ಪುಟಗಳನ್ನು ಒದಗಿಸುವ ತಂತ್ರಾಂಶ), ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಗೂ ಮಾರಿಯಾಡಿಬಿ ಎಂಬ ಡೇಟಾಬೇಸಿನೊಂದಿಗೆ ಒಂದೇ ಇನ್‌ಸ್ಟಾಲರಿನಲ್ಲಿ ಸೇರಿಸಿ, ಶಾಲೆಯ ಕಂಪ್ಯೂಟರಿಗೇ ಹಾಕಿಕೊಡುವ ಯೋಚನೆಯಿದೆ. ಅಪಾಚೆಯ ಒಂದೆರಡು ಸೋರ್ಸ್ ಫೈಲುಗಳನ್ನು (ಪ್ರೋಗ್ರಾಮರುಗಳು ಬರೆದ ಮೂಲ ಕೋಡಿನ ಫೈಲುಗಳನ್ನು) ನಮ್ಮ ಅಗತ್ಯಕ್ಕೆ ತಿದ್ದಿದ್ದೇವೆ. ಇದಕ್ಕೆ ಯಾರಿಗಾದರೂ ಹಣ ಕೊಡಬೇಕೇ? ನಮ್ಮ ಸೋರ್ಸ್ ಕೋಡನ್ನು ಬಹಿರಂಗಪಡಿಸಬೇಕಾಗುತ್ತದೆಯೇ? ಉತ್ಪನ್ನದ ಹೆಸರಿನಲ್ಲಿ ‘ಅಪಾಚೆ’ ಎಂದು ಸೇರಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಪಾಚೆ ವೆಬ್ ಸರ್ವರಿಗೆ ನೀವು ಯಾರಿಗೂ ಹಣ ಕೊಡಬೇಕಾಗಿಲ್ಲ, ಅದನ್ನು ಒಳಗೊಂಡ ಉತ್ಪನ್ನವನ್ನು ಬೆಲೆಗೆ ಮಾರಲೂ ಅಡ್ಡಿಯಿಲ್ಲ. ಆದರೆ ಉಚಿತವಾಗಿ ಸಿಗುವ ತಂತ್ರಾಂಶಕ್ಕೆ ಮಾಲೀಕರೇ ಇಲ್ಲವೆಂದು ತಿಳಿಯಬಾರದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಬರುತ್ತದೆ. ಆದ್ದರಿಂದ ಅದರ ಪ್ರತಿ ಮಾಡಿ ಹಂಚಲು ನಿಮಗಿರುವ ಹಕ್ಕು ಪರವಾನಗಿಯಿಂದಲೇ ಬಂದದ್ದು, ಮತ್ತು ಅದರ ಷರತ್ತುಗಳನ್ನು ಪಾಲಿಸುವವರೆಗೆ ಮಾತ್ರ ನಿಲ್ಲುವಂಥದ್ದು.

ಅಪಾಚೆ ಸರ್ವರ್ ಇಂದು 2004ರ ಜನವರಿಯಲ್ಲಿ ಪ್ರಕಟವಾದ ಅಪಾಚೆ ಪರವಾನಗಿಯ 2.0 ಆವೃತ್ತಿಯಡಿ ದೊರೆಯುತ್ತದೆ. ನಿಮ್ಮ ಕಚೇರಿಯ ಯಂತ್ರದಲ್ಲಿ ಅದನ್ನು ಬಳಸುವುದಕ್ಕೆ ಅಥವಾ ನಿಮ್ಮಷ್ಟಕ್ಕೆ ತಿದ್ದಿಕೊಳ್ಳುವುದಕ್ಕೆ ಯಾವ ವಿಧಿವಿಧಾನವೂ ಇಲ್ಲ. ಅದರ ಒಂದು ಪ್ರತಿ ಇನ್ನೊಬ್ಬರ ಕೈಸೇರಿದಾಗ ಕರ್ತವ್ಯಗಳು ಆರಂಭವಾಗುತ್ತವೆ, ಮತ್ತು ಅವು ಪರವಾನಗಿಯ ನಾಲ್ಕನೆಯ ವಿಭಾಗದಲ್ಲಿವೆ. ಪ್ರತಿ ಪಡೆದ ಶಾಲೆಗೆ ಪರವಾನಗಿಯ ಪೂರ್ಣ ಪಠ್ಯವನ್ನೂ ಕೊಡಬೇಕು. ನೀವು ತಿದ್ದಿದ ಫೈಲುಗಳಲ್ಲಿ, ತಿದ್ದಲಾಗಿದೆ ಎಂಬ ಸೂಚನೆ ಎದ್ದು ಕಾಣುವಂತಿರಬೇಕು. ಸೋರ್ಸ್ ರೂಪದಲ್ಲಿ ಹಂಚುವುದಾದರೆ ಅದರಲ್ಲಿರುವ ಹಕ್ಕುಸ್ವಾಮ್ಯ, ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಸೂಚನೆಗಳನ್ನು ಅಳಿಸುವಂತಿಲ್ಲ. ಕೊನೆಯದಾಗಿ, ಮೂಲದೊಂದಿಗೆ ಬಂದಿರುವ ‘ನೋಟಿಸ್’ ಎಂಬ ಸಣ್ಣ ಪಠ್ಯಫೈಲಿನ ವಿವರಗಳನ್ನು ನಿಮ್ಮ ನೋಟಿಸ್ ಫೈಲಿನಲ್ಲಾಗಲಿ, ಕೈಪಿಡಿಯಲ್ಲಾಗಲಿ, ತಂತ್ರಾಂಶವೇ ತೋರಿಸುವ ಪರದೆಯಲ್ಲಾಗಲಿ ಉಳಿಸಿಕೊಳ್ಳಬೇಕು.

ಇನ್‌ಸ್ಟಾಲರನ್ನು ಹಗುರಗೊಳಿಸುವ ಭರದಲ್ಲಿ ಮೊದಲು ಕಸದಬುಟ್ಟಿ ಸೇರುವುದು ಈ ಫೈಲೇ. ಅಪಾಚೆಯ ನೋಟಿಸ್ ಫೈಲನ್ನು ಒಮ್ಮೆ ತೆರೆದು ಓದಿದರೆ ಅದರ ಉದ್ದೇಶ ತಿಳಿಯುತ್ತದೆ: ಸರ್ವರಿನ ಕೆಲವು ಭಾಗಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡವೆಂದು ಅದು ಇಂದಿಗೂ ಹೇಳುತ್ತದೆ. 1995ರಲ್ಲಿ ಅಪಾಚೆ ಗುಂಪು ಆ ಕೇಂದ್ರದ ಸರ್ವರನ್ನೇ ಆಧಾರವಾಗಿಟ್ಟುಕೊಂಡು ಕೆಲಸ ಆರಂಭಿಸಿತ್ತು.

ಸೋರ್ಸ್ ಕೋಡಿನ ಬಗ್ಗೆ ನಿಮ್ಮ ಅಂಜಿಕೆ ಅಪಾಚೆಯ ಮಟ್ಟಿಗೆ ನಿರಾಧಾರವಾದುದು. ನೀವು ಮಾಡಿದ ತಿದ್ದುಪಡಿಗಳಿಗೆ ನಿಮ್ಮದೇ ಹಕ್ಕುಸ್ವಾಮ್ಯ ಸೂಚನೆಯನ್ನು ಹಾಕಿಕೊಳ್ಳಬಹುದು, ಬೇರೆ ಷರತ್ತುಗಳನ್ನೂ ವಿಧಿಸಬಹುದು, ಕೋಡನ್ನು ಮುಚ್ಚಿಯೇ ಇಡಬಹುದು. ಆದರೆ ನಿಮ್ಮ ಪಟ್ಟಿಯಲ್ಲಿರುವ ಮಾರಿಯಾಡಿಬಿ ಸರ್ವರಿನ ಸಂಗತಿ ಬೇರೆ, ಮತ್ತು ನೀವು ಹೆಚ್ಚು ಗಮನ ಕೊಡಬೇಕಾದುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿಯಡಿ ಬರುತ್ತದೆ. ಅದರ ಪ್ರತಿಯನ್ನು ಹಂಚುವವರು ಅದರ ಸಂಪೂರ್ಣ ಸೋರ್ಸ್ ಕೋಡನ್ನು ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಅದನ್ನು ಒದಗಿಸುವುದಾಗಿ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರುವ ಲಿಖಿತ ಭರವಸೆಯನ್ನು ಕೊಡಬೇಕು. ಮಾರಿಯಾಡಿಬಿಯನ್ನು ತಿದ್ದಿದ್ದರೆ ಆ ತಿದ್ದುಪಡಿಗಳಿಗೂ ಇದು ಅನ್ವಯಿಸುತ್ತದೆ. ಆದರೂ ಸ್ವತಂತ್ರವಾದ ಎರಡು ಕೃತಿಗಳನ್ನು ಒಂದೇ ಮಾಧ್ಯಮದಲ್ಲಿ ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಇನ್ನೊಂದು ಕೃತಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಜಿಪಿಎಲ್ ತಾನೇ ಹೇಳುವುದರಿಂದ, ಪ್ರತ್ಯೇಕವಾಗಿ ನಡೆಯುತ್ತ ಡೇಟಾಬೇಸಿಗೆ ಪ್ರಶ್ನೆಗಳನ್ನು ಕಳಿಸುವ ನಿಮ್ಮ ಶಾಲಾ ತಂತ್ರಾಂಶವನ್ನು ಆ ಕಾರಣಕ್ಕಾಗಿ ಬಹಿರಂಗಪಡಿಸಬೇಕಾಗುವುದಿಲ್ಲ. ಡೇಟಾಬೇಸಿನ ಕೋಡನ್ನೇ ನಿಮ್ಮ ಪ್ರೋಗ್ರಾಮಿನೊಳಗೆ ಬೆಸೆದಿದ್ದರೆ ಮಾತ್ರ ವಕೀಲರೊಬ್ಬರ ಸಲಹೆ ಪಡೆಯುವುದು ಕ್ಷೇಮ.

ಪಿಎಚ್‌ಪಿ ತನ್ನ 3.01ನೇ ಪರವಾನಗಿಯಡಿ ಬಂದಿದ್ದರೆ, ಉತ್ಪನ್ನದಲ್ಲಿ ಪಿಎಚ್‌ಪಿ ತಂತ್ರಾಂಶವಿದೆ ಎಂಬ ನಿಗದಿತ ವಾಕ್ಯವನ್ನು ಉಳಿಸಿಕೊಂಡರೆ ಬಹುತೇಕ ಕೆಲಸ ಮುಗಿಯಿತು. ಅಪಾಚೆಯೊಡನೆ ಗೂಢಲಿಪಿಗಾಗಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವೂ ಸಾಮಾನ್ಯವಾಗಿ ಬಂದಿರುತ್ತದೆ. 2021ರಲ್ಲಿ ಬಂದ 3.0 ಆವೃತ್ತಿಯಿಂದ ಅದೂ ಅಪಾಚೆ ಪರವಾನಗಿಗೆ ಬದಲಾಗಿದೆ. ಅದಕ್ಕೂ ಹಿಂದಿನ ಆವೃತ್ತಿಯನ್ನು ಬಳಸುತ್ತಿದ್ದರೆ, ಅದರ ವೈಶಿಷ್ಟ್ಯಗಳನ್ನು ಪ್ರಸ್ತಾಪಿಸುವ ಜಾಹೀರಾತುಗಳಲ್ಲೂ ಕೃತಜ್ಞತೆ ಸೂಚಿಸಬೇಕೆಂಬ ಹಳೆಯ ಷರತ್ತು ನಿಮಗೆ ತಗಲುತ್ತದೆ. ಭದ್ರತೆಯ ದೃಷ್ಟಿಯಿಂದಲೂ ಅದನ್ನು ಬಿಡುವುದೇ ಒಳ್ಳೆಯದು.

ಇನ್ನು ಹೆಸರಿನ ಪ್ರಶ್ನೆ. ಕೋಡನ್ನು ಇಷ್ಟು ಧಾರಾಳವಾಗಿ ಕೊಡುವ ಪರವಾನಗಿಯು ಹೆಸರಿನ ವಿಷಯದಲ್ಲಿ ಬಿಗಿಯಾಗಿದೆ. ಆರನೆಯ ವಿಭಾಗದಂತೆ ಟ್ರೇಡ್‌ಮಾರ್ಕ್ ಬಳಸುವ ಹಕ್ಕು ನಿಮಗೆ ಸಿಗುವುದಿಲ್ಲ; ತಂತ್ರಾಂಶದ ಮೂಲವನ್ನು ವಿವರಿಸಲು ವಾಡಿಕೆಯಂತೆ ಹೆಸರಿಸಬಹುದು, ಅಷ್ಟೆ. ‘ಇದು ಅಪಾಚೆ ವೆಬ್ ಸರ್ವರನ್ನು ಬಳಸುತ್ತದೆ’ ಎಂದು ಕೈಪಿಡಿಯಲ್ಲಿ ಬರೆಯುವುದು ಸರಿ. ‘ಅಪಾಚೆ ಶಾಲಾಮಿತ್ರ’ ಎಂಬಂಥ ಹೆಸರಿಡುವುದು ಸರಿಯಲ್ಲ. ಅಪಾಚೆಯ ಲಾಂಛನವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುವ ಆಸೆಯಿದ್ದರೆ ಅದನ್ನೂ ಬಿಡಿ.

ನೀವು ಕೇಳದಿದ್ದರೂ ಶಾಲೆಯೊಂದಿಗೆ ಒಪ್ಪಂದ ಬರೆಯುವಾಗ ಬೇಕಾಗುವ ಒಂದು ಅಂಶವಿದೆ. ಅಪಾಚೆ ತಂತ್ರಾಂಶವು ಯಾವ ಖಾತರಿಯೂ ಇಲ್ಲದೆ, ಇದ್ದಂತೆಯೇ ದೊರೆಯುತ್ತದೆ. ಪರೀಕ್ಷಾ ಫಲಿತಾಂಶದ ದಿನ ಸರ್ವರ್ ಕೈಕೊಟ್ಟರೆ ಅದರ ಕರ್ತೃಗಳನ್ನು ಕೇಳುವಂತಿಲ್ಲ. ನೀವು ಶುಲ್ಕ ಪಡೆದು ಖಾತರಿ ಮತ್ತು ನಿರ್ವಹಣೆಯ ಭರವಸೆ ಕೊಡಬಹುದು, ಆದರೆ ಅದು ನಿಮ್ಮ ಹೆಸರಿನಲ್ಲಿ, ನಿಮ್ಮದೇ ಹೊಣೆಯಲ್ಲಿ ಆಗಬೇಕೆಂದು ಒಂಬತ್ತನೆಯ ವಿಭಾಗ ಸ್ಪಷ್ಟಪಡಿಸುತ್ತದೆ.

ಪ್ರಶ್ನೆ: ನಾವು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರನ್ನು ತಿದ್ದಿ ನಮ್ಮ ಬಾಡಿಗೆ ಸರ್ವರಿನಲ್ಲಿ ನಡೆಸುತ್ತೇವೆ, ಗ್ರಾಹಕರು ಬ್ರೌಸರಿನ ಮೂಲಕ ಬಳಸುತ್ತಾರೆ. ನಮಗೂ ಈ ನಿಯಮಗಳಿವೆಯೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಎಂಜಿನ್‌ಎಕ್ಸ್‌ನ ಮುಕ್ತ ಆವೃತ್ತಿಗೆ ಬಿಎಸ್‌ಡಿ ಎಂಬ, ಎರಡೇ ಷರತ್ತುಗಳ ಮುಕ್ತ ಪರವಾನಗಿಯಿದೆ. ಆ ಎರಡೂ ಪ್ರತಿಯನ್ನು ಹಂಚುವವರಿಗೆ ಸಂಬಂಧಿಸಿದವು. ನಿಮ್ಮ ಗ್ರಾಹಕರಿಗೆ ಪುಟಗಳು ತಲುಪುತ್ತವೆಯೇ ಹೊರತು ಸರ್ವರಿನ ಪ್ರತಿ ತಲುಪುವುದಿಲ್ಲ. ಆದರೆ ಅದೇ ಯಂತ್ರದಲ್ಲಿ ಎಜಿಪಿಎಲ್ (ನೆಟ್‌ವರ್ಕ್ ಬಳಕೆಗೂ ಅನ್ವಯಿಸುವ, ಜಿಪಿಎಲ್ ಮಾದರಿಯ ಪರವಾನಗಿ) ಮೂರನೆಯ ಆವೃತ್ತಿಯ ತಂತ್ರಾಂಶವೇನಾದರೂ ಇದ್ದು, ಅದನ್ನು ನೀವು ತಿದ್ದಿದ್ದರೆ, ನೆಟ್‌ವರ್ಕಿನ ಮೂಲಕ ಅದನ್ನು ಬಳಸುವವರಿಗೆ ತಿದ್ದಿದ ಸೋರ್ಸ್ ಕೋಡ್ ಪಡೆಯುವ ಅವಕಾಶವನ್ನು ಅದರ 13ನೇ ವಿಭಾಗದ ಪ್ರಕಾರ ಕಲ್ಪಿಸಲೇಬೇಕು.