ಕಪ್ಪೆ ಕಾಲೆತ್ತಿದರೆ ನಗಬಾರದೇ?

ವಿರಾಜಪೇಟೆ ಕಡೆಯಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಬರೆದ ಹುಡುಗಿಗೆ 26 ವರ್ಷ, ಜೀವವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಮಡಿಕೇರಿಯಲ್ಲಿ ನಡೆದ ಸಮ್ಮೇಳನದಲ್ಲಿ ಗೆಳತಿಯ ಜೊತೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ವೇದಿಕೆ ಮೇಲಿದ್ದವರು ಗಂಭೀರವಾಗಿ 'ಸೋನಿಕ್ ಹೆಡ್ಜ್‌ಹಾಗ್' ಎಂಬ ಜೀನಿನ (ವಂಶವಾಹಿಯ) ಹೆಸರು ಹೇಳಿದ್ದೇ ತಡ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅದೇ ಲ್ಯಾಬಿನ ಸೀನಿಯರ್ ಅಕ್ಕ ಅದನ್ನು ಗೈಡ್ ಕಿವಿಗೆ ಹಾಕಿದರು. ಗೈಡ್ ಕರೆದು, 'ಸಂಶೋಧನೆ ನಿನಗೆ ಹೇಳಿ ಮಾಡಿಸಿದ್ದಲ್ಲ' ಎಂದುಬಿಟ್ಟರು. ಈಗ ಯಾರ ಟಾಕ್‌ಗೆ ಹೋದರೂ ತುಟಿ ಕಚ್ಚಿಕೊಂಡು ಕೂರುತ್ತಾಳಂತೆ. 'ಬಿಟ್ಟುಬಿಡಲೇ ಮೇಡಂ?' ಎಂದು ಕೇಳಿದ್ದಾಳೆ.

ಬಿಡಬೇಡ ಮಗಳೇ.

ಆ ಹೆಸರಿನಲ್ಲೇ ತಮಾಷೆ ಇದೆ. ಹಣ್ಣುನೊಣದ ಒಂದು ಜೀನ್ ಕೆಟ್ಟರೆ ಮರಿಹುಳುವಿನ ಮೈಯೆಲ್ಲ ಮುಳ್ಳು ಮುಳ್ಳಾಗುತ್ತದೆ. ಅದಕ್ಕೇ, ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿಯ ಹೆಸರಿನಲ್ಲಿ, ಅದು ಹೆಡ್ಜ್‌ಹಾಗ್. ಅದನ್ನು ಪತ್ತೆ ಮಾಡಿದ 1980ರ ಕೆಲಸಕ್ಕೆ 1995ರಲ್ಲಿ ನೊಬೆಲ್ ಬಂತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅದರ ನೆಂಟ ಜೀನ್ ಸಿಕ್ಕಾಗ, 1993ರಲ್ಲಿ, ವಿಡಿಯೋ ಗೇಮಿನ ನೀಲಿ ಪ್ರಾಣಿ ಸೋನಿಕ್ ಹೆಸರಿಟ್ಟರು. ಆದರೆ ಅದೇ ಜೀನ್ ಕೆಟ್ಟರೆ ಗರ್ಭದಲ್ಲಿ ಮಗುವಿನ ಮೆದುಳು ಎರಡು ಭಾಗವಾಗದೆ ಉಳಿಯಬಹುದು. ಹೆತ್ತವರ ಮುಂದೆ ಈ ಹೆಸರು ಹೇಳಲು ವೈದ್ಯರೇ ಮುಜುಗರಪಟ್ಟಿದ್ದಾರೆ. ನಿಮ್ಮ ನಗು ಮುಂದಿನ ಸ್ಲೈಡಿಗೂ ದಾಟಿತ್ತು, ಅದರಲ್ಲಿ ಕೂಸಿನ ಸ್ಕ್ಯಾನ್ ಇತ್ತು ಎಂದು ನೀನೇ ಬರೆದಿದ್ದೀಯ. ಗೈಡ್ ಸಿಟ್ಟಿನಲ್ಲಿ ಅಷ್ಟರ ಮಟ್ಟಿಗೆ ನ್ಯಾಯವಿದೆ, ಒಪ್ಪಿಕೋ.

ಆ ಸೀನಿಯರ್ ಮೇಲೆ ಮಾತ್ರ ನನಗೆ ಕನಿಕರವಿಲ್ಲ. ಪಕ್ಕದಲ್ಲೇ ಕೂತಿದ್ದವರು ಮೊಣಕೈ ತಾಗಿಸಿ 'ಸಾಕು ಕಣೇ' ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಿರಿಯರ ತಪ್ಪನ್ನು ಅವರಿಗೇ ಹೇಳದೆ ಹಿರಿಯರಿಗೆ ಮುಟ್ಟಿಸುವವರು ಮನೆ ಆಗಲಿ ಲ್ಯಾಬ್ ಆಗಲಿ, ಇದ್ದ ಕಡೆ ನೆಮ್ಮದಿ ಕೆಡಿಸುತ್ತಾರೆ. ಅತ್ತಿಗೆ-ನಾದಿನಿಯರ ಪತ್ರಗಳಿಗೂ ನಾನು ಇದನ್ನೇ ಬರೆಯುತ್ತ ಬಂದಿದ್ದೇನೆ.

ನನ್ನನ್ನು ಕಾಡಿದ್ದು ಇದ್ಯಾವುದೂ ಅಲ್ಲ. ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿದೆ: 'ಮರುದಿನ ನನ್ನ ಟಾಕ್ ಇತ್ತು. ಕಪ್ಪೆಯ ವಿಡಿಯೋ ತೆಗೆದುಹಾಕಿದೆ. ಯಾರೂ ಪ್ರಶ್ನೆ ಕೇಳಲಿಲ್ಲ.'

ನೀನು ಓದುತ್ತಿರುವುದು ಕುಣಿಯುವ ಕಪ್ಪೆಗಳ ಬಗ್ಗೆ! 2014ರಲ್ಲಿ ಕಪ್ಪೆ ಸಂಶೋಧಕ ಎಸ್‌.ಡಿ. ಬಿಜು ಅವರ ತಂಡ ಪಶ್ಚಿಮ ಘಟ್ಟದಿಂದ ಒಂದೇ ಸಲಕ್ಕೆ 14 ಹೊಸ ಪ್ರಭೇದಗಳನ್ನು ಜಗತ್ತಿಗೆ ತೋರಿಸಿದ ಕಪ್ಪೆಗಳವು. ಬಿರುನಾಣಿ ಕಡೆ, ಮಳೆ ಇಳಿದ ಮೇಲೆ, ನೆಂಟರ ಏಲಕ್ಕಿ ತೋಟದ ತೊರೆಯಲ್ಲಿ ನಾನೊಮ್ಮೆ ಅವನ್ನು ಕಂಡಿದ್ದೇನೆ. ಹೆಬ್ಬೆರಳಿನಷ್ಟೂ ಇಲ್ಲದ ಗಂಡು ಕಪ್ಪೆ, ಒದ್ದೆ ಕಲ್ಲಿನ ಮೇಲೆ ಕೂತು, ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳ ನಡುವಿನ ತೊಗಲು ಬಿಡಿಸಿ ತೋರಿಸಿತು. ಬಿದ್ದು ಬಿದ್ದು ನಕ್ಕೆ. ಆಮೇಲೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಜಿಗಣೆ ಹತ್ತಿದ್ದೂ ತಿಳಿಯಲಿಲ್ಲ. ಯಾಕೆ ಹೀಗೆ ಮಾಡುತ್ತದೆ ಎಂದು ಮನೆಯವರನ್ನೆಲ್ಲ ಕೇಳಿದೆ. ನೀರಿನ ಸದ್ದಿನಲ್ಲಿ ವಟಗುಟ್ಟಿದರೆ ಸಾಲದು, ಅದಕ್ಕೆ ಕಾಲೆತ್ತಿ ಇನ್ನೊಂದು ಗಂಡಿಗೆ 'ಈ ಕಲ್ಲು ನನ್ನದು' ಎನ್ನುತ್ತದೆಂದು ತಿಳಿದದ್ದು ಆಮೇಲೆ. ನಗದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ನಿನ್ನ ಸಭೆಯಲ್ಲಿ ಕೂತವರಿಗೆ ಆ ನಗುವನ್ನೇ ನೀನು ಕೊಡಲಿಲ್ಲ.

ಬರುವ ತಿಂಗಳು ಪೊನ್ನಂಪೇಟೆಯಲ್ಲಿ ಮತ್ತೆ ಮಾತಾಡಬೇಕು ಎಂದಿದ್ದೀಯ. ಒಂದೇ ಕೆಲಸ ಮಾಡು. ವಿಡಿಯೋ ವಾಪಸ್ ಹಾಕು, ಶೀರ್ಷಿಕೆ ಆದ ಕೂಡಲೇ ಅದೇ ಬರಲಿ. ಜನ ನಗಲಿ, ನೀನೂ ನಗು. ನಗು ಇಳಿಯುವವರೆಗೆ ಮಾತು ಶುರು ಮಾಡಬೇಡ. ಇಳಿದ ಮೇಲೆ, ತೊರೆಯ ಸದ್ದು ಅಳೆದ ನಿನ್ನ ಲೆಕ್ಕಗಳ ಸ್ಲೈಡ್ ತೆಗೆ.