ಪಂಚೇಂದ್ರಿಯಗಳಿಂದ ಮನಸ್ಸಿಗೆ ಸಾಂತ್ವನ

ಪ್ರಶ್ನೆ: ಆತಂಕ ಹೆಚ್ಚಾದಾಗ ಪಂಚೇಂದ್ರಿಯಗಳ ಮೂಲಕ ಮನಸ್ಸನ್ನು ಸಮಾಧಾನಪಡಿಸಿಕೊಳ್ಳಬಹುದೆಂದು ಆಪ್ತಸಮಾಲೋಚಕರು ತಿಳಿಸಿದರು. ಹಾಡು ಕೇಳಿ ನೋಡಿದೆ, ಚಿಂತೆ ನಿಲ್ಲಲಿಲ್ಲ. ಇದು ನಿಜಕ್ಕೂ ಉಪಯುಕ್ತವೇ ಅಥವಾ ಸಮಸ್ಯೆಯಿಂದ ತಪ್ಪಿಸಿಕೊಳ್ಳುವ ದಾರಿಯೇ?

ಉತ್ತರ: ಖಂಡಿತ ಉಪಯುಕ್ತ. ಆದರೆ ಇದರಿಂದ ಏನನ್ನು ನಿರೀಕ್ಷಿಸಬೇಕೆಂಬುದು ಸ್ಪಷ್ಟವಾಗಿರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್ ಅವರು ರೂಪಿಸಿ, 1993ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮನೋಚಿಕಿತ್ಸಾ ಪದ್ಧತಿಯಲ್ಲಿ ಈ ಕ್ರಮಕ್ಕೆ ಸಂಕಟವನ್ನು ತಾಳಿಕೊಳ್ಳುವ ಕೌಶಲಗಳ ಸಾಲಿನಲ್ಲಿ ಸ್ಥಾನವಿದೆಯೇ ಹೊರತು ಸಮಸ್ಯೆಯನ್ನು ಬಗೆಹರಿಸುವ ಉಪಾಯಗಳ ಸಾಲಿನಲ್ಲಲ್ಲ. ಉದ್ವೇಗ ತಾರಕಕ್ಕೇರಿದಾಗ ವಿವೇಚನೆ ಮಂಕಾಗುತ್ತದೆ. ಅದು ತಗ್ಗಿದ ಮೇಲೆ ಸಮಸ್ಯೆಯತ್ತ ಮರಳುವುದಾದರೆ ಇದನ್ನು ಪಲಾಯನ ಎನ್ನಲಾಗದು.

ಹಾಡು ಕೇಳುವಾಗ ನಿಮ್ಮ ಗಮನ ಬಹುಶಃ ಚಿಂತೆಯಲ್ಲೇ ಇತ್ತು. ಹಾಡು ಕಿವಿಗೆ ಬಿದ್ದರಷ್ಟೇ ಸಾಲದು. ಒಂದೇ ವಾದ್ಯವನ್ನು ಆರಿಸಿಕೊಂಡು, ಅದರ ನಾದ ಎಲ್ಲಿ ಏರುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ಹಿಂಬಾಲಿಸಿ. ಮನಸ್ಸು ಜಾರಿದರೆ ನಿಮ್ಮನ್ನು ನೀವೇ ಬೈದುಕೊಳ್ಳದೆ ಅದನ್ನು ಮತ್ತೆ ಕರೆತನ್ನಿ.

ನಿಮಗೆ ಶ್ರವಣಕ್ಕಿಂತ ಸ್ಪರ್ಶವೇ ಹೆಚ್ಚು ಒಗ್ಗಬಹುದು. ಮೊಣಕೈಯಿಂದ ಮಣಿಕಟ್ಟಿನವರೆಗೆ ಇನ್ನೊಂದು ಅಂಗೈಯಿಂದ ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ, ಅಂದರೆ ಮಣಿಕಟ್ಟು ತಲುಪಲು ಏಳೆಂಟು ಸೆಕೆಂಡು ಹಿಡಿಯುವಷ್ಟು ನಿಧಾನವಾಗಿ, ಸವರಿಕೊಳ್ಳಿ. ಕೂದಲಿರುವ ಚರ್ಮದಲ್ಲಿ ಇಂಥ ಮೃದು ಸ್ಪರ್ಶಕ್ಕೇ ಹೆಚ್ಚು ಸ್ಪಂದಿಸುವ ಸಿ-ಟ್ಯಾಕ್ಟೈಲ್ ಎಂಬ ನರತಂತುಗಳಿವೆ. ಅವಸರದಲ್ಲಿ ಉಜ್ಜಿದರೆ ಅವು ಅಷ್ಟಾಗಿ ಸ್ಪಂದಿಸುವುದಿಲ್ಲ.

ಪರಿಮಳದ ವಿಷಯದಲ್ಲಿ ಎಚ್ಚರವಿರಲಿ. ವಾಸನೆಯ ಸಂಕೇತಗಳು ಉಳಿದ ಇಂದ್ರಿಯಗಳ ಸಂಕೇತಗಳಂತೆ ಮೊದಲು ಮಿದುಳಿನ ರವಾನೆ ಕೇಂದ್ರವಾದ ಥಲಾಮಸ್ ಅನ್ನು ಹಾಯದೆ, ಭಾವನೆಗೆ ಸಂಬಂಧಿಸಿದ ಅಮಿಗ್ಡಲಾದಂಥ ಭಾಗಗಳನ್ನು ನೇರವಾಗಿ ತಲುಪುತ್ತವೆ. ಹಿತವಾದ ನೆನಪಿನ ವಾಸನೆ ಸಂತೈಸುವಂತೆಯೇ ಕಹಿ ನೆನಪಿಗೆ ಅಂಟಿಕೊಂಡದ್ದು ಕೆರಳಿಸಲೂಬಹುದು. ನೋಟಕ್ಕೆ ಒಂದು ಎಲೆಯ ನರಗಳೇ ಸಾಕು. ರುಚಿಗೆ ಬಿಸಿ ಪಾನೀಯದ ಒಂದೊಂದೇ ಗುಟುಕು ಸಾಕು. ದುಃಖವಾದಾಗಲೆಲ್ಲ ತಿನ್ನುವ ಅಭ್ಯಾಸವಿರುವವರು ಇದನ್ನು ಬಿಡುವುದೇ ಒಳ್ಳೆಯದು.

ಇವೆಲ್ಲವನ್ನೂ ಮನಸ್ಸು ಶಾಂತವಾಗಿರುವಾಗಲೇ ಪ್ರಯತ್ನಿಸಿ, ನಿಮಗೆ ಹಿಡಿಸಿದ ಒಂದೆರಡನ್ನು ರೂಢಿಸಿಕೊಳ್ಳಿ, ಏಕೆಂದರೆ ಸಂಕಟದ ಗಳಿಗೆಯಲ್ಲಿ ಹೊಸದನ್ನು ಕಲಿಯುವುದು ಕಷ್ಟ. ಆತಂಕವು ವಾರಗಟ್ಟಲೆ ನಿದ್ರೆಯನ್ನೂ ಕೆಲಸವನ್ನೂ ಕೆಡಿಸುತ್ತಿದ್ದರೆ ನಿಮ್ಮ ಸಮಾಲೋಚಕರಿಗೆ ತಿಳಿಸಿ, ಮನೋವೈದ್ಯರನ್ನೂ ಕಾಣಿರಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ.