ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮೆಕ್‌ಡವೆಲ್ ಕೌಂಟಿಲಿ (ನಮ್ಮ ಜಿಲ್ಲೆ ಇದ್ದಂಗೆ) ಜನ ಯಾಕಿಷ್ಟು ಕಮ್ಮಿ ಆದ್ರು? ಕಲ್ಲಿದ್ದಲು ಮುಗಿದುಹೋಯ್ತಾ?

ಮುಗಿದಿಲ್ಲ, ಇವತ್ತಿಗೂ ತೆಗೀತಾನೇ ಇದಾರೆ. ಅಲ್ಲಿನ ಪೊಕಹಾಂಟಸ್ ಅನ್ನೋ ಕಲ್ಲಿದ್ದಲು ಉಕ್ಕಿನ ಕಾರ್ಖಾನೆಗೆ ಕೋಕ್ (ಅದಿರು ಕರಗಿಸೋಕೆ ಬೇಕಾದ ಇಂಧನ) ಮಾಡೋಕೆ ಹೇಳಿ ಮಾಡಿಸಿದ್ದು, ಡಿಮ್ಯಾಂಡ್ ಪೂರ್ತಿ ನಿಂತಿದ್ದೇ ಇಲ್ಲ. ತೆಗೆಯೋಕೆ ಈಗ ಅಷ್ಟೊಂದು ಜನ ಬೇಡ, ವಿಷಯ ಇಷ್ಟೇ.

1858ರಲ್ಲಿ ಈ ಕೌಂಟಿ ಆದಾಗ ಬರೀ ಕಾಡು ಗುಡ್ಡ. 1880ರ ದಶಕದ ಕೊನೇಲಿ ನಾರ್ಫೋಕ್ ಆ್ಯಂಡ್ ವೆಸ್ಟರ್ನ್ ರೈಲು ಬಂತು ನೋಡಿ, 1900ರಲ್ಲಿ 18,747 ಇದ್ದ ಜನ ಹತ್ತೇ ವರ್ಷಕ್ಕೆ 47,856 ಆದ್ರು. ಹಂಗೇರಿ, ಇಟಲಿ, ಪೋಲೆಂಡ್‌ನವರು ಬಂದ್ರು, ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ದೊಡ್ಡ ಸಂಖ್ಯೇಲಿ ಬಂದ್ರು. ಇದನ್ನ ಯಾರೂ ಹೇಳಲ್ಲ ಅಂತ ನಂಗೆ ಬೇಜಾರು, ಯಾಕಂದ್ರೆ ಅಮೆರಿಕದ ಯಾವುದೇ ರಾಜ್ಯದ ಶಾಸನಸಭೇಲಿ ಕೂತ ಮೊದಲ ಕಪ್ಪು ಮಹಿಳೆ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್ ಇಲ್ಲಿನವರೇ, 1928ರಲ್ಲಿ.

ಆಗ ಮನೆ ಗಣಿ ಕಂಪನೀದು, ಅಂಗಡಿ ಕಂಪನೀದು, ಎಷ್ಟೋ ಕಡೆ ಸಂಬಳ ಕೂಡ ಆ ಅಂಗಡೀಲಿ ಮಾತ್ರ ನಡೆಯೋ ಸ್ಕ್ರಿಪ್ ಅನ್ನೋ ಬಿಲ್ಲೆಗಳಲ್ಲಿ. ಯೂನಿಯನ್ ಕಟ್ಟೋರ ಪರ ನಿಂತಿದ್ದ ಪೊಲೀಸ್ ಅಧಿಕಾರಿ ಸಿಡ್ ಹ್ಯಾಟ್‌ಫೀಲ್ಡ್‌ನ 1921ರ ಆಗಸ್ಟ್ 1ಕ್ಕೆ ಕೌಂಟಿ ಕೇಂದ್ರವಾದ ವೆಲ್ಚ್ ಊರಿನ ಕೋರ್ಟಿನ ಮೆಟ್ಟಿಲ ಮೇಲೇ ಗುಂಡಿಟ್ಟು ಕೊಂದ್ರು.

1950ರಲ್ಲಿ ಜನಸಂಖ್ಯೆ 98,887, ಅದೇ ಪೀಕ್. ಆಮೇಲೆ ಗಣಿಯೊಳಗೆ ಕಂಟಿನ್ಯುವಸ್ ಮೈನರ್ ಅನ್ನೋ ಮಷಿನ್ ಬಂತು, ಕೊರೆಯೋದು, ಸಿಡಿಸೋದು, ತುಂಬೋದು ಅಂತ ಬೇರೆ ಬೇರೆ ಜನ ಮಾಡ್ತಿದ್ದ ಕೆಲ್ಸ ಎಲ್ಲಾ ಒಂದೇ ಮಷಿನ್ನು ಗೋಡೆಯಿಂದ ಕಲ್ಲಿದ್ದಲು ಕಿತ್ತು ಹಿಂದಕ್ಕೆ ಸಾಗಿಸ್ತಾ ಮುಗಿಸಿಬಿಡೋದು, 1960ಕ್ಕೆ 71,359 ಜನ ಉಳಿದ್ರು, ಮಿಕ್ಕೋರು ಒಹಾಯೋ, ಡೆಟ್ರಾಯ್ಟ್ ಕಡೆ ಕಾರ್ಖಾನೆ ಹುಡುಕ್ಕೊಂಡು ಹೋದ್ರು. 1961ರಲ್ಲಿ ಕೆನಡಿ ಸರ್ಕಾರ ಬಡವರು ಆಹಾರ ಕೊಳ್ಳೋಕೆ ಕೊಡೋ ಫುಡ್ ಸ್ಟ್ಯಾಂಪ್ ಯೋಜನೆ ಪ್ರಯೋಗ ಶುರು ಮಾಡಿದಾಗ ಅದರ ಮೊದಲ ಸ್ಟ್ಯಾಂಪ್ ಕೊಟ್ಟಿದ್ದು ವೆಲ್ಚ್‌ನಲ್ಲೇ. 1980ರ ದಶಕದಲ್ಲಿ ಯುಎಸ್ ಸ್ಟೀಲ್ ಅನ್ನೋ ಉಕ್ಕಿನ ಕಂಪನಿ ಇದೇ ಕೌಂಟಿಯ ಗ್ಯಾರಿ ಊರಿನ ಗಣಿಗಳನ್ನ ಮುಚ್ಚಿತು, 2001 ಮತ್ತೆ 2002ರಲ್ಲಿ ಬೆನ್ನು ಬೆನ್ನಿಗೆ ಪ್ರವಾಹ. 2016ರಲ್ಲಿ ವಾಲ್‌ಮಾರ್ಟ್ ಅಂಗಡೀನೂ ಮುಚ್ಚಿಹೋಯ್ತು. 2020ಕ್ಕೆ 19,111.

ಇನ್ನು ಜನ ವಾಪಸ್ ಬರ್ತಾರಾ? ಸದ್ಯಕ್ಕೆ ನಂಗೆ ಹಾಗನ್ಸಲ್ಲ. ನೆಲದ ದೊಡ್ಡ ಭಾಗ ಹೊರಗಿನ ಕಂಪನಿಗಳ ಕೈಲಿದೆ, ಸಮತಟ್ಟಾದ ಜಾಗ ಅಂದ್ರೆ ಹೊಳೆ ಪಕ್ಕದ್ದೇ, ಅಲ್ಲಿ ಕಟ್ಟಿದ್ರೆ ಪ್ರವಾಹದ ಭಯ. ಗುಡ್ಡ ಹತ್ತೋ ಎಟಿವಿ (ನಾಲ್ಕು ಚಕ್ರದ ಗುಡ್ಡಗಾಡು ಬೈಕು) ಟ್ರೇಲ್‌ಗೆ ಒಂದಷ್ಟು ಟೂರಿಸ್ಟ್‌ಗಳು ಬರ್ತಾರೆ, ಒಂದು ಫೆಡರಲ್ ಜೈಲು ಬಂದಿದೆ. ಆದ್ರೆ ಕಂಪನಿ ಕಾಲದ ಪೈಪು ತುಕ್ಕು ಹಿಡಿದು ಎಷ್ಟೋ ಮನೆಯೋರು ಇವತ್ತಿಗೂ ರಸ್ತೆ ಪಕ್ಕದ ಗುಡ್ಡದಿಂದ ಬರೋ ಒರತೆ ನೀರನ್ನ ಕ್ಯಾನ್‌ಗೆ ಹಿಡ್ಕೊಂಡು ಹೋಗ್ತಾರೆ, ಇಲ್ಲೀ ಕಲ್ಲಿದ್ದಲಿಂದ ಇಡೀ ದೇಶಕ್ಕೆ ಉಕ್ಕು ಸಿಕ್ಕಿದೆ, ಮೊದಲು ಇವರಿಗೆ ಕುಡಿಯೋ ನೀರು ಕೊಡಬೇಕು ಅಂತ ನಾನಂತೂ ಹೇಳ್ತೀನಿ.